ಮದ್ದು ಬೇಡ ಎಂದ ವಿಜ್ಞಾನಿ, ಮದ್ದು ಮಾರುವ ಕಂಪನಿ: ಕಾಸರಗೋಡಿನ ಒಂದು ಪ್ರಕರಣ

ಪೋಸ್ಟರ್ ನೋಡಲು ಚೆನ್ನಾಗಿಯೇ ಇತ್ತು. ಹಸಿರು ಹಿನ್ನೆಲೆ, ನಡುವೆ ಬೇವಿನೆಣ್ಣೆ ಬಾಟಲಿ, ಪಕ್ಕದಲ್ಲಿ ಕೀಟವಿಜ್ಞಾನಿ ಮೇಡಂ ಅವರ ನಗುಮುಖದ ಫೋಟೋ. ಮೇಲೆ ದಪ್ಪ ಅಕ್ಷರದಲ್ಲಿ ‘ತೆಂಗಿನ ಬಿಳಿನೊಣಕ್ಕೆ ಶಾಶ್ವತ ಪರಿಹಾರ’. ಕೆಳಗೆ ‘ವಿಜ್ಞಾನಿಗಳ ಶಿಫಾರಸು’. ಅದು ವಾಟ್ಸಾಪ್ ಗುಂಪುಗಳಿಗೆ ಹೋದ ದಿನವೇ ಮೇಡಂ ಕಂಪನಿಯ ಅಧ್ಯಕ್ಷರಿಗೆ ಫೋನ್ ಮಾಡಿದರು. ‘ನಾನು ಹೀಗೆ ಹೇಳಿಯೇ ಇಲ್ಲ. ನನ್ನ ಹೆಸರು ತೆಗೆಯಿರಿ, ನನ್ನನ್ನೂ ಬಿಟ್ಟುಬಿಡಿ’ ಅಂದರು.

ಇದು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ರೈತ ಉತ್ಪಾದಕ ಕಂಪನಿಯ ಕಥೆ, ಅಂದರೆ ಸದಸ್ಯರಾದ ರೈತರೇ ಒಡೆಯರಾಗಿರುವ ಕಂಪನಿ. ಹೆಸರುಗಳನ್ನೆಲ್ಲ ಬಿಟ್ಟಿದ್ದೇನೆ. ಕಂಪನಿ ಸದಸ್ಯರಿಂದ ತೆಂಗಿನಕಾಯಿ ಕೊಂಡು ಎಣ್ಣೆ ತೆಗೆಸಿ ಮಾರುತ್ತದೆ. ಜೊತೆಗೆ ಒಂದು ಡಿಪೋ ಇದೆ. ಗೊಬ್ಬರ, ಸುಣ್ಣ, ಮೈಲುತುತ್ತು (ತಾಮ್ರದ ಸಲ್ಫೇಟ್), ತನ್ನದೇ ಲೇಬಲ್ಲಿನ ಬೇವಿನೆಣ್ಣೆ ಎಲ್ಲ ಅಲ್ಲಿ ಸಿಗುತ್ತದೆ. ಮಾರ್ಕೆಟಿಂಗ್ ಅಂದರೆ ಒಬ್ಬನೇ ಹುಡುಗ. ಊರಿನವನು, ಬಿಕಾಂ ಓದಿದವನು, ಫೋನಿನಲ್ಲೇ ಪೋಸ್ಟರ್ ಮಾಡುವ ಚುರುಕಿನವನು. ಮೇಡಂ ಅವರು ತೆಂಗಿನ ಕೀಟಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ನಿವೃತ್ತರಾದವರು. ಮೂಲ ಊರು ಧಾರವಾಡದ ಕಡೆ, ಈಗ ಇಲ್ಲಿಯೇ ಮನೆ. ಸಲಹೆಗಾರರಾಗಿ ಬನ್ನಿ ಅಂತ ಆಡಳಿತ ಮಂಡಳಿ ಕೇಳಿದಾಗ ಒಪ್ಪಿದ್ದರು. ಗೊತ್ತಿರುವುದನ್ನು ನಾಲ್ಕು ಜನಕ್ಕೆ ಹೇಳಬೇಕು ಎಂಬ ಆಸೆ ಅವರಿಗೆ ನಿಜಕ್ಕೂ ಇತ್ತು. ಆದರೆ ಏನು ಹೇಳುವುದು, ಯಾರು ಬರೆಯುವುದು, ಕೊನೆಗೆ ಯಾರು ಸರಿ ಎನ್ನಬೇಕು ಎಂಬುದರ ಬಗ್ಗೆ ಯಾರೂ ಮಾತಾಡಿರಲಿಲ್ಲ. ಇಂಥ ಸಂಸ್ಥೆಗಳಿಗೆ ಬರವಣಿಗೆ, ಪ್ರಚಾರದ ಕೆಲಸ ಮಾಡಿಕೊಡುವವನು ನಾನು. ಪೋಸ್ಟರ್ ಗಲಾಟೆಯ ಮರುವಾರ ನನ್ನನ್ನು ಕರೆದರು.

ಹುಡುಗ ಬೇಸರದಲ್ಲಿದ್ದ. ‘ಮೇಡಂ ಬೇವಿನೆಣ್ಣೆ ಬಿಡಬಹುದು ಅಂತ ಹೇಳಿದ್ದು ಹೌದಲ್ವಾ ಅಣ್ಣ? ನಾನು ಸುಳ್ಳು ಎಂತ ಬರೆದೆ?’ ಅಂತ ಕೇಳಿದ. ಅವನ ಮಾತಿನಲ್ಲಿ ನ್ಯಾಯ ಇತ್ತು. ಮೇಡಂ ಹಾಗೆ ಹೇಳಿದ್ದೂ ಹೌದು. ಆದರೆ ಅವರ ಮಾತಿನಲ್ಲಿ ಅದು ಕೊನೆಯ ವಾಕ್ಯ. ಮೊದಲಿನದ್ದೆಲ್ಲ ಪೋಸ್ಟರಿಗೆ ಬರಲೇ ಇಲ್ಲ.

ಮೊದಲಿನದ್ದು ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ.

ಈಗ ನಮ್ಮ ತೆಂಗಿನಲ್ಲಿ ಕಾಣುವ ರುಗೋಸ್ ಸುರುಳಿ ಬಿಳಿನೊಣ ಇಲ್ಲಿಯದ್ದಲ್ಲ. ಮಧ್ಯ ಅಮೆರಿಕದ ಕಡೆಯದ್ದು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಮತ್ತು ಕೇರಳದ ಪಾಲಕ್ಕಾಡ್ ಸುತ್ತಮುತ್ತ. ಆಮೇಲೆ ಕರಾವಳಿಗೂ ಬಂತು. ಗರಿಯ ಅಡಿಭಾಗದಲ್ಲಿ ಬಿಳಿ ಮೇಣದ ಸುರುಳಿ ಎಳೆದು ಮೊಟ್ಟೆ ಇಡುತ್ತದೆ. ಗರಿಯ ರಸ ಹೀರಿ ಸಿಹಿ ಅಂಟು ಸುರಿಸುತ್ತದೆ. ಆ ಅಂಟು ಕೆಳಗಿನ ಗರಿಗಳ ಮೇಲೆ, ಬಾಳೆಯ ಮೇಲೆ, ಅಡಿಯಲ್ಲಿ ನಿಲ್ಲಿಸಿದ ಬೈಕಿನ ಮೇಲೆ ಬೀಳುತ್ತದೆ. ಎಲೆಗಳ ಮೇಲೆ ಬಿದ್ದ ಅಂಟಿಗೆ ಕಪ್ಪು ಬೂಸ್ಟು ಹಿಡಿಯುತ್ತದೆ. ತೋಟ ಪೂರ್ತಿ ಮಸಿ ಬಳಿದ ಹಾಗೆ ಕಾಣುತ್ತದೆ. ನೋಡಿದವರಿಗೆ ಹೆದರಿಕೆ ಆಗುವುದು ಸಹಜ. ಏನಾದರೂ ಮದ್ದು ಬಿಡಬೇಕು ಅಂತ ಡಿಪೋಗೆ ಓಡಿ ಬರುತ್ತಾರೆ.

ಆದರೆ ಈ ನೊಣದ ಬೆನ್ನಿಗೇ ಒಂದು ಪುಟ್ಟ ಕಣಜವೂ ಇದೆ. ಎನ್‌ಕಾರ್ಸಿಯಾ ಗ್ವಾಡಲೂಪೆ ಅಂತ ಅದರ ಹೆಸರು. ಕಣ್ಣಿಗೆ ಕಾಣುವುದೇ ಕಷ್ಟ, ಅಷ್ಟು ಸಣ್ಣದು. ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಅದನ್ನು ಒಳಗಿನಿಂದಲೇ ತಿಂದು ಮುಗಿಸುತ್ತದೆ. ಅದು ತೋಟದಲ್ಲಿ ಹೆಚ್ಚಾದ ಹಾಗೆ ನೊಣ ತಾನಾಗಿ ಇಳಿಯುತ್ತದೆ. ರಾಸಾಯನಿಕ ಕೀಟನಾಶಕ ಬಿಟ್ಟರೆ ಮೊದಲು ಸಾಯುವುದು ಈ ಕಣಜ. ನೊಣ ಮೇಣದ ಅಡಿಯಲ್ಲಿ ಅಡಗಿ ಉಳಿದುಕೊಂಡು ಮತ್ತೆ ಜಾಸ್ತಿಯಾಗುತ್ತದೆ. ಹಾಗಾಗಿಯೇ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಪಿಸಿಆರ್‌ಐ, ಮೊದಲಿನಿಂದಲೂ ರಾಸಾಯನಿಕ ಬಿಡಬೇಡಿ ಎನ್ನುತ್ತಲೇ ಬಂದಿದೆ. ಎಳೆ ಗಿಡಗಳಲ್ಲಾದರೆ ನೀರನ್ನು ರಭಸದಿಂದ ಹಾಯಿಸಿ ತೊಳೆಯಬಹುದು. ಕಪ್ಪು ಬೂಸ್ಟು ಏಳಲು 1 ಶೇಕಡಾ ಗಂಜಿ ದ್ರಾವಣ ಸಿಂಪಡಿಸಬಹುದು. ಒಣಗಿದಾಗ ಅದು ಹಪ್ಪಳದ ಹಾಗೆ ಎದ್ದು ಬರುತ್ತದೆ. ನೊಣ ತೀರಾ ಹೆಚ್ಚಾದರೆ ಮಾತ್ರ ಬೇವಿನೆಣ್ಣೆ, ಅದೂ 0.5 ಶೇಕಡಾ, ಅಂದರೆ ಲೀಟರಿಗೆ 5 ಮಿಲಿ, ಸೋಪು ಬೆರೆಸಿ.

ಮೇಡಂ ಹೇಳಿದ್ದೂ ಇದೇ ಕ್ರಮದಲ್ಲಿ. ಮೊದಲು ನೋಡಿ, ಆಮೇಲೆ ಕಾಯಿರಿ, ನಂತರ ತೊಳೆಯಿರಿ, ತೀರಾ ಆಗದಿದ್ದರೆ ಬೇವಿನೆಣ್ಣೆ. ಪೋಸ್ಟರಿನಲ್ಲಿ ಉಳಿದದ್ದು ಬಾಟಲಿ ಒಂದೇ.

ಬೇರೆ ಊರಾಗಿದ್ದರೆ ಇದನ್ನು ಸಣ್ಣ ವಿಷಯ ಅಂತ ಬಿಡಬಹುದಿತ್ತೋ ಏನೋ. ಕಾಸರಗೋಡಿನಲ್ಲಿ ಆಗುವುದಿಲ್ಲ. ಇಲ್ಲಿ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದಾರೆ. ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಊರುಗಳ ಹೆಸರು ಹೊರಜಗತ್ತಿಗೆ ಗೊತ್ತಾದದ್ದೇ ಅಲ್ಲಿನ ಮಕ್ಕಳ ಕಾಯಿಲೆ, ವೈಕಲ್ಯಗಳಿಂದ. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ನಿಷೇಧಿಸಿತು. ಅಷ್ಟು ವರ್ಷವೂ ‘ಇದರಿಂದ ತೊಂದರೆಯಿಲ್ಲ’ ಎಂದು ಹೇಳಲು ಪರಿಣತರು ಸಿಗುತ್ತಿದ್ದರು. ಅಂಥ ಊರಿನಲ್ಲಿ ಒಬ್ಬ ವಿಜ್ಞಾನಿಯ ಫೋಟೋ ಒಂದು ಬಾಟಲಿಯ ಪಕ್ಕ ಕಂಡರೆ ಜನ ಏನು ಓದುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೇವಿನೆಣ್ಣೆಗೂ ಎಂಡೋಸಲ್ಫಾನಿಗೂ ಹೋಲಿಕೆಯೇ ಇಲ್ಲ, ಒಪ್ಪುತ್ತೇನೆ. ಆದರೆ ಅನುಮಾನ ರಸಾಯನಶಾಸ್ತ್ರ ಓದಿಕೊಂಡು ಬರುವುದಿಲ್ಲ.

ಮೊದಲ ಸಭೆ

ಡಿಪೋದ ಮಾಳಿಗೆಯಲ್ಲಿ ಎಲ್ಲರೂ ಕೂತೆವು. ಅಧ್ಯಕ್ಷರು, ಮ್ಯಾನೇಜರ್, ಮೇಡಂ, ಹುಡುಗ, ನಾನು. ಮ್ಯಾನೇಜರ್ ನೇರವಾಗಿ ವಿಷಯಕ್ಕೆ ಬಂದರು. ‘ಮೇಡಂ, ನೀವು ಎಂತ ಬಿಡುವುದು ಬೇಡ ಅಂತ ಹೇಳಿದರೆ ನಾವು ಡಿಪೋ ಇಟ್ಟದ್ದು ಎಂತಕ್ಕೆ?’

ಮೇಡಂ ಅಷ್ಟೇ ನೇರವಾಗಿ, ‘ಸರ್, ಹಂಗಂತ ನಾ ಸುಳ್ಳು ಹೇಳಾಕ ಬರೂದಿಲ್ಲ’ ಅಂದರು.

ಸ್ವಲ್ಪ ಹೊತ್ತು ಮೌನ. ಅಧ್ಯಕ್ಷರು ವಯಸ್ಸಾದವರು, ತಾವೂ ತೆಂಗು ಅಡಿಕೆ ಬೆಳೆಯುವವರು. ಅವರು ಕೇಳಿದ ಒಂದು ಪ್ರಶ್ನೆ ಸಭೆಯ ದಿಕ್ಕನ್ನೇ ಬದಲಿಸಿತು. ‘ಈ ಎಣ್ಣೆ ತೆಗೆದುಕೊಳ್ಳುವವರು ಯಾರು ಮಾರಾಯ್ರೆ? ನಮ್ಮ ಸದಸ್ಯರೇ ಅಲ್ವಾ? ಬೇಡದ ಮದ್ದು ಅವರಿಗೆ ಮಾರಿ, ಲಾಭ ಅಂತ ಅವರಿಗೇ ವಾಪಸ್ ಹಂಚುವುದು ಎಂತ ಲೆಕ್ಕ?’

ಇಂಥ ಕೆಲಸದಲ್ಲಿ ಕಂಪನಿಯ ಯಜಮಾನಿಕೆ ಯಾರದ್ದು ಎಂಬುದು ಬಹಳ ಮುಖ್ಯ ಅಂತ ನನಗೆ ಅನಿಸುವುದು ಅದಕ್ಕೇ. ಮಾರುವವನೂ ಕೊಳ್ಳುವವನೂ ಒಬ್ಬನೇ ಆಗಿರುವಲ್ಲಿ ವಿಜ್ಞಾನಿಯ ‘ಬೇಡ’ಕ್ಕೆ ಜಾಗ ಇರುತ್ತದೆ. ಖಾಸಗಿ ಅಂಗಡಿಯಲ್ಲಿ ಇದೇ ಮಾತು ಹೇಳಿಸುವುದು ಕಷ್ಟ. ಅಸಾಧ್ಯ ಅಂತಲ್ಲ, ಕಷ್ಟ.

ನಾನು ಸಭೆಯಲ್ಲಿ ಇಟ್ಟದ್ದು ಒಂದು ಹಳೆಯ ಉದಾಹರಣೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅಡಿಕೆಯ ಕೊಳೆರೋಗದ ಅಧ್ಯಯನ ಮಾಡಿ, ಬೋರ್ಡೋ ದ್ರಾವಣ ಸಿಂಪಡಿಸಲು ಹೇಳಿದರು. ಇವತ್ತಿಗೂ ಮಳೆ ಹಿಡಿಯುವ ಮೊದಲು ನಮ್ಮ ತೋಟಗಳಲ್ಲಿ ಬಿಡುವುದು ಅದನ್ನೇ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ನೂರು ವರ್ಷ ದಾಟಿದರೂ ಆ ಸಲಹೆ ಬಾಯಿಂದ ಬಾಯಿಗೆ ಉಳಿದಿದೆ. ಅದರಲ್ಲಿ ಯಾವ ಕಂಪನಿಯ ಹೆಸರೂ ಇಲ್ಲ. ಆದರೂ ಮೈಲುತುತ್ತು ಮಾರುವವರಿಗೆ ಪ್ರತಿ ವರ್ಷ ವ್ಯಾಪಾರ ಆಗುತ್ತಲೇ ಇದೆ. ಮ್ಯಾನೇಜರ್ ಇದಕ್ಕೆ ನಕ್ಕರು. ಪೂರ್ತಿ ಒಪ್ಪಿದರು ಅಂತ ಹೇಳಲಾರೆ. ಒಂದು ಬೇಸಿಗೆ ನೋಡೋಣ ಅಂದರು.

ಒಪ್ಪಂದ ಒಂದೇ ಪುಟದ್ದು

ಆ ಸಭೆಯಲ್ಲೇ ಒಂದು ಕಾಗದ ಬರೆದೆವು. ಅದರಲ್ಲಿ ದೊಡ್ಡ ಕಾನೂನು ಭಾಷೆ ಏನಿಲ್ಲ. ವಿಷಯ ಸರಿಯೋ ತಪ್ಪೋ ಎಂಬುದರಲ್ಲಿ ಮೇಡಂ ಮಾತೇ ಕೊನೆ. ಎಷ್ಟು ಉದ್ದ, ಯಾವುದು ಮೊದಲು, ಯಾವ ಮಾತಿನಲ್ಲಿ ಎಂಬುದು ಹುಡುಗನ ಕೆಲಸ. ಅದರಲ್ಲಿ ಮೇಡಂ ಕೈ ಹಾಕುವುದಿಲ್ಲ. ಅವರು ‘ಆಯ್ತು’ ಅಂತ ಬರೆದು ಕಳಿಸದೆ ಅವರ ಹೆಸರಿನಲ್ಲಿ ಏನೂ ಹೊರಗೆ ಹೋಗುವುದಿಲ್ಲ. ಅವರ ಹೆಸರು ಅಥವಾ ಫೋಟೋ ಇರುವ ಯಾವುದರಲ್ಲೂ ಕಂಪನಿಯ ಮಾಲಿನ ಚಿತ್ರ ಇರಬಾರದು, ಬೆಲೆ ಇರಬಾರದು. ಕಂಪನಿಯ ಹೆಸರು ಕೆಳಗೆ ಸಣ್ಣದಾಗಿ ಇರಬಹುದು. ಅದು ಇರಲೇಬೇಕು ಅಂತ ಮೇಡಂ ಅವರೇ ಹೇಳಿದರು. ಯಾರ ಖರ್ಚಿನಲ್ಲಿ ಈ ಮಾತು ಬರುತ್ತಿದೆ ಅಂತ ಕೇಳುವವರಿಗೆ ಗೊತ್ತಾಗಲಿ ಎಂಬುದು ಅವರ ವಾದ.

ದುಡ್ಡಿನ ವಿಷಯದಲ್ಲಿ ಸ್ವಲ್ಪ ಎಳೆದಾಟ ಆಯಿತು. ಮ್ಯಾನೇಜರ್ ಮಾರಾಟದ ಮೇಲೆ ಇಷ್ಟು ಅಂತ ಕೊಡೋಣ ಅಂದಿದ್ದರು. ಅವರ ಮನಸ್ಸಿನಲ್ಲಿ ಅದು ಔದಾರ್ಯವೇ. ಆದರೆ ವಿಜ್ಞಾನಿಗೆ ಕಮಿಷನ್ ಕೊಟ್ಟ ಕೂಡಲೇ ಅವರ ಪ್ರತಿ ಮಾತಿಗೂ ಒಂದು ಬೆಲೆಪಟ್ಟಿ ಅಂಟಿಕೊಳ್ಳುತ್ತದೆ. ಕೊನೆಗೆ ತಿಂಗಳಿಗೆ ಇಷ್ಟು ಅಂತ ಗೌರವಧನ ಗೊತ್ತಾಯಿತು. ಎಣ್ಣೆ ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ಸುಮ್ನೆ ಸೇವೆ ಅಂತ ಮಾಡಿಸಿಕೊಳ್ಳುವುದನ್ನು ನಾನು ಒಪ್ಪಲಿಲ್ಲ. ನಮ್ಮಲ್ಲಿ ಬ್ಯಾನರ್ ಪ್ರಿಂಟ್ ಮಾಡುವವನಿಗೆ ದುಡ್ಡು ಕೊಡುತ್ತೇವೆ, ಬ್ಯಾನರಿನಲ್ಲಿರುವ ತಿಳಿವಳಿಕೆ ಕೊಟ್ಟವರಿಗೆ ಒಂದು ಶಾಲು ಹೊದೆಸಿ ಕಳಿಸುತ್ತೇವೆ.

ಇನ್ನೊಂದು ಸಂಗತಿ ಸಭೆಯಲ್ಲೇ ಎದ್ದಿತು. ಕೀಟನಾಶಕ ಕಾಯ್ದೆ 1968ರ ಪ್ರಕಾರ ಮದ್ದಿನ ಲೇಬಲ್ಲಿನಲ್ಲಿ ಯಾವ ಬೆಳೆ, ಯಾವ ಕೀಟ ಅಂತ ಇದೆಯೋ ಅದಕ್ಕೆ ಸರಿಯಾಗಿಯೇ ಹೇಳಬೇಕು. ‘ಶಾಶ್ವತ ಪರಿಹಾರ’ ಎಂಬಂಥ ಮಾತು ಮೇಡಂಗೆ ಮಾತ್ರವಲ್ಲ, ಕಂಪನಿಗೂ ಅಪಾಯ. ಇದನ್ನು ಕೇಳಿದ ಮೇಲೆ ಮ್ಯಾನೇಜರ್ ಮುಖದಲ್ಲಿ ಮೊದಲ ಸಲ ಗಂಭೀರತೆ ಕಂಡಿತು.

ಕ್ಯಾಮೆರಾ ಬೇಡ, ಪ್ರಶ್ನೆ ಬೇಕು

ಮೊದಲು ವಿಡಿಯೋ ಮಾಡಲು ಹೊರಟರು. ಮೇಡಂ ಕುರ್ಚಿಯಲ್ಲಿ ಕೂತು, ಹುಡುಗ ಬರೆದುಕೊಟ್ಟದ್ದನ್ನು ಓದಿದರು. ಆಕಾಶವಾಣಿಯ ಹಳೆಯ ವಾರ್ತೆಯ ಹಾಗೆ ಇತ್ತು. ಹುಡುಗ ನನ್ನ ಕಡೆ ತಿರುಗಿ, ‘ಇವರಿಗೆ ಮಾತಾಡಲು ಬರುವುದಿಲ್ಲ’ ಅಂತ ಪಿಸುಗುಟ್ಟಿದ.

ನಾನು ಈ ಮಾತನ್ನು ನಂಬುವುದಿಲ್ಲ. ಕ್ಯಾಮೆರಾ ಎದುರು ಹೆಚ್ಚಿನವರಿಗೆ ಮಾತು ಬರುವುದಿಲ್ಲ, ಅದರಲ್ಲಿ ವಿಜ್ಞಾನಿ ಅಂತ ಬೇರೆ ಜಾತಿ ಇಲ್ಲ. ಅದೇ ಸಂಜೆ ಒಬ್ಬ ಕೃಷಿಕರು ಡಿಪೋಗೆ ಒಂದು ಗರಿಯ ತುಂಡು ಹಿಡಿದುಕೊಂಡು ಬಂದರು. ಮೇಡಂ ಅದನ್ನು ಕೌಂಟರ್ ಮೇಲೆ ಮಗುಚಿ ಹಾಕಿ, ಚೀಲದಿಂದ ಲೆನ್ಸ್ ತೆಗೆದು, ‘ಇಲ್ಲಿ ನೋಡ್ರಿ, ಈ ಚಿಪ್ಪಿನ್ಯಾಗ ದುಂಡಗಿನ ತೂತ ಕಾಣ್ತದಲ್ಲ, ಅದು ಕಣಜ ಹೊರಗ ಬಂದ ಬಾಗಿಲು. ನೊಣ ಬಂದಿದ್ರ ಚಿಪ್ಪು ಸೀಳಿರ್ತಿತ್ತು, ಹಿಂಗ ದುಂಡಗ ಇರ್ತಿರಲಿಲ್ಲ. ನಿಮ್ಮ ತೋಟದಾಗ ಕೆಲಸ ಶುರು ಆಗೇದ, ನೀವು ಏನೂ ಮಾಡಬ್ಯಾಡ್ರಿ’ ಅಂದರು. ಕೃಷಿಕರ ಕಣ್ಣು ಅರಳಿತು. ಹುಡುಗ ಫೋನ್ ತೆಗೆದು ಆ ಗರಿಯನ್ನಷ್ಟೇ, ಮೇಡಂ ಕೈಯನ್ನಷ್ಟೇ ಸೆರೆಹಿಡಿದ. ಧ್ವನಿ ಅವರದ್ದೇ.

ಕೆಲಸದ ರೀತಿ ಅಲ್ಲಿಗೇ ಗೊತ್ತಾಯಿತು. ಮೇಡಂ ಬರೆಯುವುದಿಲ್ಲ. ಹುಡುಗ ಗುಂಪುಗಳಿಂದ, ಕೌಂಟರಿನಿಂದ ಪ್ರಶ್ನೆಗಳನ್ನು ತರುತ್ತಾನೆ. ಕೃಷಿಕರು ಕೇಳಿದ ಮಾತಿನಲ್ಲೇ, ತಿದ್ದದೆ. ಮೇಡಂ ವಾಯ್ಸ್ ಮೆಸೇಜಿನಲ್ಲಿ ಉತ್ತರಿಸುತ್ತಾರೆ, ಹೆಚ್ಚಾಗಿ ತೋಟದಲ್ಲಿ ನಿಂತುಕೊಂಡೇ. ಹುಡುಗ ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಂದು ಬರೆಯುತ್ತಾನೆ, ಅವರು ನೋಡಿ ತಿದ್ದುತ್ತಾರೆ, ನಂತರ ಹೊರಗೆ. ಮಲೆಯಾಳ ಮಾತ್ರ ಬರುವ ಸದಸ್ಯರಿಗಾಗಿ ಡಿಪೋದ ಇನ್ನೊಬ್ಬಳು ಹುಡುಗಿ ಮಲೆಯಾಳದಲ್ಲಿ ಓದಿ ಕಳಿಸುತ್ತಾಳೆ.

ಮಾರ್ಕೆಟಿಂಗ್ ಹುಡುಗ ನಿಜವಾಗಿ ಮಿಂಚಿದ್ದು ಇಲ್ಲಿ. ಜನ ಯಾವ ಪ್ರಶ್ನೆಯನ್ನು ಎಷ್ಟು ಸಲ ಕೇಳುತ್ತಾರೆ, ಯಾವ ಹೊತ್ತಿಗೆ ಮೆಸೇಜ್ ತೆರೆಯುತ್ತಾರೆ, ಯಾವ ಚಿತ್ರದಲ್ಲಿ ಬೆರಳು ನಿಲ್ಲುತ್ತದೆ ಎಂಬುದೆಲ್ಲ ಅವನಿಗೆ ಗೊತ್ತು. ಮೇಡಂಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರು ಮೊದಲು ಹೇಳಹೊರಟದ್ದು ನೊಣದ ಜೀವನಚಕ್ರ. ಹುಡುಗ ತಂದ ಪ್ರಶ್ನೆಗಳಲ್ಲಿ ಅದು ಒಂದೂ ಇರಲಿಲ್ಲ. ಇದ್ದದ್ದು, ಈ ಕಪ್ಪು ಆದ ಎಲೆಯನ್ನು ದನಕ್ಕೆ ಹಾಕಬಹುದಾ? ಬೊಂಡ (ಎಳನೀರು) ಕುಡಿಯಬಹುದಾ? ಮರ ಸಾಯುತ್ತದಾ? ಪಕ್ಕದ ತೋಟದವರು ಏನೂ ಮಾಡದಿದ್ದರೆ ನಾನು ಮಾಡಿ ಪ್ರಯೋಜನ ಉಂಟಾ? ಮೇಡಂ ಆ ಪಟ್ಟಿ ಓದಿ ಬಹಳ ಹೊತ್ತು ಸುಮ್ಮನಿದ್ದರು. ‘ಇಷ್ಟು ವರ್ಷ ನಾವು ಇದಕ್ಕೆ ಉತ್ತರಾನೇ ಕೊಟ್ಟಿಲ್ಲ ನೋಡ್ರಿ’ ಅಂದರು.

ನಮ್ಮ ಕಡೆಯ ಕೃಷಿಕರು ಓದುವವರು, ಬರೆಯುವವರು. 1988ರಿಂದ ಪುತ್ತೂರಿನಿಂದ ಬರುತ್ತಿರುವ ಅಡಿಕೆ ಪತ್ರಿಕೆಯಂಥದ್ದು ನಿಂತಿರುವುದೇ ತೋಟದಲ್ಲಿ ಕೆಲಸ ಮಾಡುವವರ ಬರಹದ ಮೇಲೆ. ಅಂಥವರಿಗೆ ಮೇಲಿನಿಂದ ಉಪದೇಶ ಕೊಟ್ಟರೆ ಹಿಡಿಸುವುದಿಲ್ಲ. ತಾವು ಕೇಳಿದ್ದಕ್ಕೆ ನೇರ ಉತ್ತರ ಸಿಕ್ಕರೆ ಮಾತ್ರ ಮುಂದಿನವರಿಗೆ ದಾಟಿಸುತ್ತಾರೆ.

ಬಾಲ ಕತ್ತರಿಸಿದ ಸಲಹೆ

ಮೊದಲ ಮೆಸೇಜಿನ ತಲೆಬರಹ, ‘ಬಿಳಿನೊಣ ಕಂಡ ಕೂಡಲೇ ಮದ್ದು ಬಿಡಬೇಡಿ’. ಅದು ಚೆನ್ನಾಗಿ ಓಡಿತು. ನಮ್ಮ ಸದಸ್ಯರಲ್ಲದವರ ಗುಂಪುಗಳಿಗೂ, ಗಡಿಯಾಚೆ ಬಂಟ್ವಾಳ, ಪುತ್ತೂರಿನ ಕಡೆಗೂ ಹೋಯಿತು. ತೊಂದರೆ ಬಂದದ್ದೂ ಅದರಿಂದಲೇ.

ಪೈವಳಿಕೆ ಕಡೆಯ ಒಬ್ಬರು ಸಿಟ್ಟಿನಿಂದ ಫೋನ್ ಮಾಡಿದರು. ಅವರದ್ದು ನೆಟ್ಟು ಎರಡು ವರ್ಷವೂ ಆಗದ ಸಸಿಗಳು. ಗರಿಗಳೆಲ್ಲ ಬಿಳಿ, ಕೆಳಗೆಲ್ಲ ಕಪ್ಪು. ಏನೂ ಮಾಡಬೇಡಿ ಅಂತ ಹೇಳಿದ್ದೀರಲ್ಲ, ಅದಕ್ಕೆ ಕಾಯುತ್ತಾ ಕೂತಿದ್ದೆ ಅಂದರು. ಮೂಲ ಮೆಸೇಜಿನ ಕೊನೆಯಲ್ಲಿ ‘ಎಳೆ ಸಸಿಗಳಿಗೆ ಇದು ಅನ್ವಯಿಸುವುದಿಲ್ಲ, ಅವನ್ನು ನೀರಿನಿಂದ ತೊಳೆಯಿರಿ’ ಅಂತ ಇತ್ತು. ಆದರೆ ಅವರಿಗೆ ಸಿಕ್ಕಿದ್ದು ಯಾರೋ ಮೊದಲ ನಾಲ್ಕು ಸಾಲು ಮಾತ್ರ ಕಾಪಿ ಮಾಡಿ ಹಾಕಿದ್ದು. ಮೇಡಂ ಮರುದಿನ ಅವರ ತೋಟಕ್ಕೆ ಹೋಗಿ, ಪಂಪು ಹಿಡಿದು ತೊಳೆಯುವ ರೀತಿ ತೋರಿಸಿ ಬಂದರು. ಸಸಿಗಳು ಉಳಿದವು. ಆದರೆ ಪಾಠ ದೊಡ್ಡದು.

ವಿಜ್ಞಾನಿಗಳು ಮಾತಾಡುವಾಗ ಷರತ್ತುಗಳನ್ನು ಕೊನೆಗೆ ಇಡುತ್ತಾರೆ. ಅವರ ಲೇಖನಗಳಲ್ಲಿ ಅದು ಸರಿ, ಓದುವವರು ಕೊನೆಯವರೆಗೆ ಓದುತ್ತಾರೆ. ಫಾರ್ವರ್ಡ್ ಆಗುವ ಮೆಸೇಜಿನಲ್ಲಿ ಕೊನೆ ಎಂಬುದೇ ಇಲ್ಲ. ಎಲ್ಲಿ ಬೇಕಾದರೂ ತುಂಡಾಗುತ್ತದೆ. ಹಾಗಾಗಿ ಷರತ್ತನ್ನು ಮೊದಲ ವಾಕ್ಯಕ್ಕೇ ತಂದೆವು. ‘ಕಾಯಿ ಬಿಡುವ ದೊಡ್ಡ ಮರಗಳಲ್ಲಿ ಮಾತ್ರ’ ಅಂತಲೇ ಶುರು. ಬರಹ ಬೇರೆ, ಚಿತ್ರ ಬೇರೆ ಕಳಿಸುವುದನ್ನು ನಿಲ್ಲಿಸಿ, ಸಲಹೆಯನ್ನು ಚಿತ್ರದೊಳಗೇ ಅಚ್ಚು ಹಾಕಿದೆವು. ಚಿತ್ರದ ತುಂಡು ಕಾಪಿ ಮಾಡುವುದು ಕಷ್ಟ. ಜೊತೆಗೆ ತಿಂಗಳು, ವರ್ಷ. ಯಾಕೆಂದರೆ ಈ ನೊಣದ ಕಾಟ ಬೇಸಿಗೆಯಲ್ಲಿ ಏರಿ, ಜೋರು ಮಳೆಗೆ ಇಳಿಯುತ್ತದೆ. ಜುಲೈಯಲ್ಲಿ ಮಾರ್ಚಿನ ಸಲಹೆ ತಿರುಗಾಡಿದರೆ ಜನ ಗೊಂದಲಕ್ಕೆ ಬೀಳುತ್ತಾರೆ.

ಇನ್ನೊಂದು ಗೊಂದಲ ನೊಣದ್ದೇ. ತೆಂಗಿನಲ್ಲಿ ಈಗ ಒಂದೇ ಬಿಳಿನೊಣ ಇಲ್ಲ. ಹಕ್ಕಿಗೂಡಿನ ಹಾಗೆ ಮೇಣದ ಗೂಡು ಕಟ್ಟಿ ಅದರೊಳಗೆ ಕೂರುವ ಬೋಂಡಾರ್ ಬಿಳಿನೊಣವೂ 2018ರಲ್ಲಿ ಕೇರಳದಲ್ಲಿ ಪತ್ತೆಯಾಗಿದೆ. ಫೋಟೋ ನೋಡಿ ಇದು ಅದೇ ಅಂತ ಹೇಳಲು ಮೇಡಂ ಒಪ್ಪಲಿಲ್ಲ. ‘ಗರಿ ತರ್ರಿ’ ಎಂಬುದು ಅವರ ಖಾಯಂ ಉತ್ತರ. ಹುಡುಗನಿಗೆ ಮೊದಮೊದಲು ಇದು ಕಿರಿಕಿರಿ. ವೇಗ ಮುಖ್ಯ ಅಲ್ವಾ ಅನ್ನುತ್ತಿದ್ದ. ಆದರೆ ‘ಗರಿ ತರ್ರಿ’ಯಿಂದಲೇ ಡಿಪೋದ ಕೌಂಟರಿನಲ್ಲಿ ಹೊಸ ವ್ಯವಹಾರ ಶುರುವಾಯಿತು. ಜನ ಗರಿಯ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದರು. ಕೌಂಟರಿನ ಹುಡುಗಿಗೆ ಮೇಡಂ ಲೆನ್ಸ್ ಹಿಡಿಯಲು ಕಲಿಸಿದರು. ದುಂಡು ತೂತು ಇದೆಯೋ ಇಲ್ಲವೋ ಎಂದು ಅವಳೇ ನೋಡಿ ಹೇಳತೊಡಗಿದಳು. ಅನುಮಾನ ಬಂದದ್ದನ್ನು ಮಾತ್ರ ಮೇಡಂಗೆ ಎತ್ತಿಡುತ್ತಿದ್ದಳು. ತೆಂಗು ಬಿಟ್ಟು ಬೇರೆ ಬೆಳೆಯ ಪ್ರಶ್ನೆ ಬಂದರೆ ಆಯಾ ಪಂಚಾಯತಿನ ಕೃಷಿಭವನಕ್ಕೆ, ಅಂದರೆ ಕೃಷಿ ಇಲಾಖೆಯ ಕಚೇರಿಗೆ ಕಳಿಸುವುದು. ಗೊತ್ತಿಲ್ಲದ ವಿಷಯಕ್ಕೆ ಉತ್ತರ ಹೊಸೆಯಬಾರದು ಎಂಬುದರಲ್ಲಿ ಮೇಡಂ ಕಡು ಕಟ್ಟುನಿಟ್ಟು.

ಕಣಜ ಇರುವ ಗರಿಗಳನ್ನು ಕಣಜ ಇಲ್ಲದ ತೋಟಕ್ಕೆ ಕಟ್ಟಿದರೆ ಅಲ್ಲಿಯೂ ಅದು ಹರಡುತ್ತದೆ. ಇದನ್ನು ಕೇಳಿದ ಮೇಲೆ ಸದಸ್ಯರ ನಡುವೆ ಗರಿ ಕೊಡು-ಕೊಳ್ಳುವಿಕೆಯೇ ನಡೆಯಿತು. ‘ನಿಮ್ಮಲ್ಲಿ ತೂತು ಇದ್ದದ್ದು ಉಂಟಾ? ನಮಗೆ ನಾಲ್ಕು ಗರಿ ಕೊಡಿ ಅಕ್ಕ’ ಅಂತ ಗುಂಪಿನಲ್ಲಿ ಮೆಸೇಜ್ ನೋಡಿ ಮ್ಯಾನೇಜರೇ ನಕ್ಕರು. ಡಿಪೋದಿಂದ ಒಂದು ಪೈಸೆಯ ವ್ಯಾಪಾರ ಇಲ್ಲದ ವಹಿವಾಟು ಅದು.

ಲೆಕ್ಕದ ಪುಸ್ತಕ

ಬೇವಿನೆಣ್ಣೆ ಆ ಬೇಸಿಗೆ ಹಿಂದಿನ ವರ್ಷಕ್ಕಿಂತ ಕಡಿಮೆ ಹೋಯಿತು. ಇದನ್ನು ಮುಚ್ಚಿಟ್ಟು ಪ್ರಕರಣ ಬರೆಯುವುದರಲ್ಲಿ ಅರ್ಥವಿಲ್ಲ. ಮ್ಯಾನೇಜರ್ ವಾರ್ಷಿಕ ಸಭೆಯಲ್ಲಿ ಅದನ್ನು ಎತ್ತಿಯೇ ಎತ್ತಿದರು. ಆಗ ಉತ್ತರ ಕೊಟ್ಟದ್ದು ನಾವಲ್ಲ, ಹಿಂದಿನ ಸಾಲಿನಲ್ಲಿ ಕೂತಿದ್ದ ಸದಸ್ಯರು. ಎತ್ತರದ ಮರಕ್ಕೆ ಮದ್ದು ಬಿಡಲು ಆಳು ಸಿಗುವುದಿಲ್ಲ, ಸಿಕ್ಕರೂ ಅವರ ಕೂಲಿ ಮದ್ದಿಗಿಂತ ಜಾಸ್ತಿ. ಅಷ್ಟು ಉಳಿಯಿತಲ್ಲ ಅಂದರು. ಮ್ಯಾನೇಜರ್ ಹೇಳಿದ್ದರಲ್ಲೂ ಹುರುಳಿದೆ. ಡಿಪೋದ ಬಾಡಿಗೆ, ಸಂಬಳ ಎಲ್ಲ ಮಾಲು ಹೋದರೆ ತಾನೇ ಬರುವುದು. ಅದಕ್ಕೆ ಅವರು ಕಂಡುಕೊಂಡ ದಾರಿ ಸರಳ. ಬೇವಿನೆಣ್ಣೆಯ ಸ್ಟಾಕ್ ಕಡಿಮೆ ಮಾಡಿ, ಕೈ ಲೆನ್ಸ್ ಮತ್ತು ನೀರು ರಭಸವಾಗಿ ಹಾಯಿಸುವ ನಾಝಲ್ ತರಿಸಿದರು. ಎರಡೂ ಹೋದವು.

ಕಂಪನಿಯ ತೆಂಗಿನೆಣ್ಣೆಗೆ ಇದರಿಂದ ಹೆಸರು ಬಂತು ಅಂತ ಹುಡುಗ ಹೇಳುತ್ತಾನೆ. ಪ್ರಚಾರದವರು ಹಾಗೆ ಹೇಳುವುದು ಅಭ್ಯಾಸ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಮೊದಲು ಗುಂಪಿನಲ್ಲಿ ಯಾರಾದರೂ ಮದ್ದಿನ ಬಗ್ಗೆ ಹೇಳಿದರೆ ‘ನಿಮಗೆ ಕಮಿಷನ್ ಎಷ್ಟು?’ ಎಂಬ ಕೊಂಕು ಬರುತ್ತಿತ್ತು. ಮೇಡಂ ಮೆಸೇಜಿಗೆ ಅದು ಬರುವುದು ನಿಂತಿತು. ಏನೂ ಕೊಳ್ಳಬೇಡಿ ಅನ್ನುವವರಿಗೆ ಯಾರು ತಾನೇ ಕಮಿಷನ್ ಕೊಡುತ್ತಾರೆ? ಮುಂದೆ ಒಂದು ದಿನ ಮೇಡಂ ‘ಈ ತೋಟಕ್ಕೆ ಬೇವಿನೆಣ್ಣೆ ಬೇಕು’ ಅಂದರೆ ಅದನ್ನೂ ಜನ ಅನುಮಾನವಿಲ್ಲದೆ ಕೇಳುತ್ತಾರೆ.

ಸೇವೆಯಲ್ಲಿರುವವರನ್ನು ಸೇರಿಸಬಹುದಾ?

ಈಗ ಕಂಪನಿಗೆ ಆಸೆ ಹೆಚ್ಚಿದೆ. ಅವರು ಹೊಸದಾಗಿ ಟ್ರೈಕೋಡರ್ಮಾ, ಅಂದರೆ ರೋಗ ತರುವ ಶಿಲೀಂಧ್ರಗಳನ್ನು ಹತ್ತಿಕ್ಕುವ ಒಂದು ಉಪಕಾರಿ ಶಿಲೀಂಧ್ರ, ತಯಾರಿಸಲು ಹೊರಟಿದ್ದಾರೆ. ತೆಂಗಿನ ಕಾಂಡ ಸೋರುವ ರೋಗಕ್ಕೆ, ಸುಳಿ ಕೊಳೆಗೆ ಇದನ್ನು ಬಳಸುತ್ತಾರೆ. ಮೇಡಂ ಹತ್ತಿರ ಇದರ ಬಗ್ಗೆಯೂ ಹೇಳಿ ಅಂದಾಗ ಅವರು ನಿರಾಕರಿಸಿದರು. ತಾನು ಕೀಟದವಳು, ಶಿಲೀಂಧ್ರದವಳಲ್ಲ ಅಂದರು. ಜನರ ಕಣ್ಣಿಗೆ ವಿಜ್ಞಾನಿ ಅಂದರೆ ಎಲ್ಲ ಗೊತ್ತಿರುವವರು. ಆ ಸಲುಗೆಯನ್ನು ಬಳಸಿಕೊಳ್ಳದಿರುವುದು ದೊಡ್ಡ ಗುಣ.

ರೋಗಶಾಸ್ತ್ರದವರು ಬೇಕೆಂದರೆ ಹೆಚ್ಚಿನವರು ಇನ್ನೂ ಸರ್ಕಾರಿ ಸೇವೆಯಲ್ಲಿರುವವರು. ಅಲ್ಲಿ ನಿಯಮಗಳಿವೆ. ಕೇಂದ್ರ ಸರ್ಕಾರಿ ನೌಕರರ ನಡತೆ ನಿಯಮಗಳು 1964ರದ್ದು. ಕರ್ತವ್ಯದ ಭಾಗವಾಗಿ ಜನರ ಮುಂದೆ ಮಾತಾಡಲು ಅಡ್ಡಿಯಿಲ್ಲ, ಆದರೆ ಅನುಮತಿಯಿಲ್ಲದೆ ಖಾಸಗಿ ವ್ಯಾಪಾರದಲ್ಲಿ ತೊಡಗುವಂತಿಲ್ಲ. ಹಾಗಂತ ಅವರೆಲ್ಲ ಬಾಯಿ ಮುಚ್ಚಿ ಕೂರಬೇಕಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ಹೊರಡಿಸಿದ ವೈಜ್ಞಾನಿಕ ಸಾಮಾಜಿಕ ಹೊಣೆಗಾರಿಕೆ ಮಾರ್ಗಸೂಚಿ, ಒಬ್ಬೊಬ್ಬ ವಿಜ್ಞಾನಿ ವರ್ಷಕ್ಕೆ ಕನಿಷ್ಠ 10 ದಿನವನ್ನು ತನ್ನ ತಿಳಿವಳಿಕೆ ಸಮಾಜಕ್ಕೆ ಹಂಚಲು ಮೀಸಲಿಡಬೇಕು ಎನ್ನುತ್ತದೆ. ಬಾಗಿಲು ತೆರೆದೇ ಇದೆ. ಬಾಟಲಿ ಹಿಡಿದುಕೊಂಡು ಒಳಗೆ ಹೋಗಬಾರದು, ಅಷ್ಟೇ.

ನಾವು ಇಟ್ಟ ಸಲಹೆ ಹೀಗಿದೆ. ಕಂಪನಿ ಜಾಗ ಕೊಡಲಿ, ಪ್ರಶ್ನೆ ಕೊಡಲಿ, ಬರೆದುಕೊಡುವ ಕೈ ಕೊಡಲಿ. ವಿಜ್ಞಾನಿ ತನ್ನ ಸಂಸ್ಥೆಯ ಹೆಸರಿನಲ್ಲೇ ರೋಗದ ಬಗ್ಗೆ ಮಾತ್ರ ಮಾತಾಡಲಿ. ಟ್ರೈಕೋಡರ್ಮಾ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬ ಎರಡೂ ಬರಲಿ. ಯಾರು ತಯಾರಿಸಿದ ಟ್ರೈಕೋಡರ್ಮಾ ಎಂಬ ಮಾತು ಬೇಡ. ಆ ತಿಂಗಳಲ್ಲಿ ಕಂಪನಿ ತನ್ನ ಟ್ರೈಕೋಡರ್ಮಾದ ಜಾಹೀರಾತನ್ನು ಅದೇ ಗುಂಪಿನಲ್ಲಿ ಹಾಕಬಾರದು.

ಕೊನೆಯ ಷರತ್ತು ಮ್ಯಾನೇಜರಿಗೆ ಒಪ್ಪಿಗೆಯಾಗಿಲ್ಲ. ತಯಾರಿಸುವುದು ನಾವು, ಹೇಳುವುದಕ್ಕೂ ಬಿಡುವುದಿಲ್ಲ ಅಂದರೆ ಹೇಗೆ ಅನ್ನುತ್ತಾರೆ. ಅಧ್ಯಕ್ಷರು ಒಂದು ತಿಂಗಳ ಬದಲು ಎರಡು ವಾರ ಇಡೋಣ ಅಂದಿದ್ದಾರೆ. ಮೇಡಂ ಒಂದು ತಿಂಗಳೇ ಇರಲಿ ಅನ್ನುತ್ತಾರೆ. ಸಂಶೋಧನಾ ಸಂಸ್ಥೆಗೆ ಬರೆಯುವ ಪತ್ರ ಹುಡುಗನ ಫೋನಿನಲ್ಲಿ ತಯಾರಿದೆ, ಆ ಒಂದು ಸಾಲು ಮಾತ್ರ ಖಾಲಿ. ಮುಂದಿನ ಮಂಡಳಿ ಸಭೆಯಲ್ಲಿ ಅದು ತುಂಬಿದ ಮೇಲೆ ಪತ್ರ ಹೋಗುತ್ತದೆ.